ಮೆಕ್ಸಿಕೋದ ಸಂತೆಗೆ ಹೊರಡುವ ಮುನ್ನ: ವಾರ ನೋಡಿ, ಊರು ಆರಿಸಿ

ಮೆಕ್ಸಿಕೋಗೆ ಹೋಗುವ ನಮ್ಮವರ ಪ್ರವಾಸ ಸಾಮಾನ್ಯವಾಗಿ ಕಾನ್‌ಕೂನ್ ಕಡಲತೀರದಲ್ಲಿ ಶುರುವಾಗಿ ಚಿಚೆನ್ ಇತ್ಸಾ ಪಿರಮಿಡ್ಡಿನ ಮುಂದಿನ ಒಂದು ಫೋಟೊದೊಂದಿಗೆ ಮುಗಿಯುತ್ತದೆ. ಉಳಿದ ಪೆಸೊಗಳು ವಿಮಾನ ನಿಲ್ದಾಣದ ಅಂಗಡಿಯಲ್ಲಿ ಅಗಲ ಅಂಚಿನ ಟೋಪಿಗೂ ಬಣ್ಣ ಬಳಿದ ತಲೆಬುರುಡೆಗೂ ಖರ್ಚಾಗುತ್ತವೆ. ಕೈಕೆಲಸದ ವಸ್ತುಗಳ ಮೇಲೆ ನಿಜವಾಗಿ ಆಸೆಯಿರುವವರು ಆ ದಾರಿ ಬಿಟ್ಟು ದಕ್ಷಿಣದ ವಹಾಕಾ ರಾಜ್ಯಕ್ಕೆ ಹೋಗಬೇಕು. ವಹಾಕಾ ನಗರದಿಂದ ಸುಮಾರು 30 ಕಿ.ಮೀ. ಒಳಗೆ ಕುಂಬಾರರ ಊರು, ನೇಕಾರರ ಊರು, ಮರ ಕೆತ್ತುವವರ ಊರು ಬೇರೆಬೇರೆಯಾಗಿ ಇವೆ. ಸುತ್ತಲಿನ ಪಟ್ಟಣಗಳು ವಾರದ ದಿನಗಳನ್ನು ಹಂಚಿಕೊಂಡು ಸಂತೆ ಕೂಡಿಸುತ್ತವೆ. ಈ ಸಂತೆಗಳ ಸರಣಿ ಎಷ್ಟು ಸ್ವಾರಸ್ಯದ್ದೆಂದರೆ ಮಾನವಶಾಸ್ತ್ರಜ್ಞ ಮ್ಯಾಲಿನೋಸ್ಕಿ 1940ರ ಹೊತ್ತಿಗೆ ಇಲ್ಲೇ ಬಂದು ಅಧ್ಯಯನಕ್ಕೆ ಕುಳಿತಿದ್ದರು. ಆದ್ದರಿಂದ ಈ ಲೇಖನದ ಬಹುಪಾಲು ವಹಾಕಾ ಕಣಿವೆಗೇ ಮೀಸಲು. ಬೇರೆ ಊರುಗಳ ವಿಚಾರ ಕೊನೆಯಲ್ಲಿ ಚುಟುಕಾಗಿ ಇದೆ.

ವೀಸಾ ವಿಷಯ ಒಂದೇ ಮಾತಿನಲ್ಲಿ: ಭಾರತದ ಪಾಸ್‌ಪೋರ್ಟಿಗೆ ಮೆಕ್ಸಿಕೋ ವೀಸಾ ಬೇಕು. ಆದರೆ ಅಮೆರಿಕ, ಕೆನಡಾ, ಬ್ರಿಟನ್, ಜಪಾನ್ ಅಥವಾ ಶೆಂಗೆನ್ ದೇಶಗಳ ಚಾಲ್ತಿಯಲ್ಲಿರುವ ವೀಸಾ ಇದ್ದವರಿಗೆ ಪ್ರವಾಸಕ್ಕಾಗಿ 180 ದಿನಗಳವರೆಗೆ ಅದರ ಅಗತ್ಯವಿಲ್ಲ. ಡಲ್ಲಾಸ್‌ನಲ್ಲೋ ಸ್ಯಾನ್‌ಹೋಸೆಯಲ್ಲೋ ನೆಲೆಸಿರುವ ಕನ್ನಡಿಗರಿಗೆ ಇದು ದೊಡ್ಡ ಅನುಕೂಲ. ಟಿಕೆಟ್ ಕಾಯ್ದಿರಿಸುವ ಮುನ್ನ ರಾಯಭಾರ ಕಚೇರಿಯ ಜಾಲತಾಣದಲ್ಲಿ ನಿಯಮವನ್ನು ಒಮ್ಮೆ ನೋಡಿಕೊಳ್ಳಿ.

ಮೊದಲ ಕೆಲಸ: ಪಂಚಾಂಗ ಹಾಕಿಕೊಳ್ಳುವುದು

ಮೆಕ್ಸಿಕೋದಲ್ಲಿ ಮಾರುಕಟ್ಟೆ ಎಂದರೆ ಎರಡು ಬಗೆ. ಮೆರ್ಕಾದೊ ಎಂದರೆ ಸೂರಿನ ಕೆಳಗೆ ದಿನವೂ ತೆರೆದಿರುವ ಕಟ್ಟಡ. ತಿಯಾಂಗಿಸ್ ಎಂದರೆ ವಾರಕ್ಕೊಮ್ಮೆ ಬೀದಿಯಲ್ಲಿ ಟಾರ್ಪಾಲು ಕಟ್ಟಿ ಕೂಡುವ ಸಂತೆ. ಎರಡನೆಯದು ಸ್ಪೇನಿನವರು ಬರುವುದಕ್ಕಿಂತ ಬಹಳ ಹಿಂದಿನದು. ಈಗಿನ ಮೆಕ್ಸಿಕೋ ನಗರದ ಭಾಗವಾಗಿರುವ ತ್ಲಾತೆಲೋಲ್ಕೊದ ಸಂತೆಯಲ್ಲಿ ದಿನಕ್ಕೆ 60,000ಕ್ಕೂ ಹೆಚ್ಚು ಜನ ಕೊಂಡು ಮಾರುತ್ತಾರೆಂದು ದಂಡೆತ್ತಿ ಬಂದ ಕೋರ್ತೆಸ್ ತನ್ನ ರಾಜನಿಗೆ ಬರೆದಿದ್ದ. ಅಲ್ಲಿ ಕೋಕೋ ಬೀಜವೇ ಚಿಲ್ಲರೆ ಹಣವಾಗಿತ್ತು.

ವಹಾಕಾ ಕಣಿವೆಯ ವಾರಗಳು ಹೀಗಿವೆ. ಬುಧವಾರ ಎತ್ಲಾ, ಗುರುವಾರ ಸಾಚೀಲಾ, ಶುಕ್ರವಾರ ಒಕೊತ್ಲಾನ್, ಭಾನುವಾರ ತ್ಲಾಕೊಲೂಲಾ. ನಾಲ್ಕನ್ನೂ ನೋಡಲೇಬೇಕೆಂಬ ಹಟ ಬೇಡ. ಎರಡೇ ಸಂತೆಗೆ ಸಮಯವಿದ್ದರೆ ಶುಕ್ರವಾರದ್ದು ಮತ್ತು ಭಾನುವಾರದ್ದು ಇಟ್ಟುಕೊಳ್ಳಿ. ಗುರುವಾರ ಬೆಳಿಗ್ಗೆ ವಹಾಕಾ ತಲುಪಿ ಸೋಮವಾರ ಹೊರಡುವಂತೆ ಯೋಜಿಸಿದರೆ ಸರಿಹೋಗುತ್ತದೆ. ಇಲ್ಲಿನ ಮಳೆಗಾಲ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಮಳೆ ಹೆಚ್ಚಾಗಿ ಮಧ್ಯಾಹ್ನದ ಮೇಲೆ ಬರುವುದರಿಂದ ಬೆಳಗಿನ ಸಂತೆಗೆ ತೊಂದರೆಯಿಲ್ಲ. ನವೆಂಬರ್ 1 ಮತ್ತು 2ರಂದು ಸತ್ತವರ ಹಬ್ಬ. ಅದರ ಹಿಂದಿನ ವಾರ ಸಂತೆ ತುಂಬ ಚೆಂಡುಹೂವಿನ ರಾಶಿ. ದೀಪಾವಳಿಗೆ ನಾವು ಬಾಗಿಲಿಗೆ ಕಟ್ಟುವ ಅದೇ ಹೂವು, ಅದರ ತವರು ಇದೇ ನೆಲ. ಆಗ ಹೋಗುವುದಾದರೆ ವಸತಿಯನ್ನು ತಿಂಗಳುಗಳ ಮೊದಲೇ ಗೊತ್ತು ಮಾಡಿಕೊಳ್ಳಬೇಕು, ದರವೂ ಏರಿರುತ್ತದೆ.

ಹಣ ಮತ್ತು ನಾಲ್ಕು ಮಾತು

ಪೆಸೊವಿಗೂ ಡಾಲರಿಗೂ ಒಂದೇ ಚಿಹ್ನೆ. ಬೆಲೆಚೀಟಿಯ ಮೇಲೆ ಆ ಚಿಹ್ನೆಯ ಮುಂದೆ 400 ಎಂದಿದ್ದರೆ ಗಾಬರಿಯಾಗಬೇಡಿ, ಅದು 400 ಪೆಸೊ. ಇತ್ತೀಚಿನ ವರ್ಷಗಳಲ್ಲಿ ಒಂದು ಪೆಸೊ ನಾಲ್ಕರಿಂದ ಐದು ರೂಪಾಯಿಯ ಆಸುಪಾಸಿನಲ್ಲಿದೆ. ಸಂತೆಯಲ್ಲಿ ಕಾರ್ಡು ನಡೆಯುವುದಿಲ್ಲವೆಂದೇ ತಿಳಿದು ಹೊರಡಿ. ಬೀದಿಬದಿಯ ಯಂತ್ರ ಬಿಟ್ಟು ಬ್ಯಾಂಕಿನೊಳಗಿನ ಎಟಿಎಂನಲ್ಲೇ ಹಣ ತೆಗೆಯಿರಿ. ನಿಮ್ಮ ದೇಶದ ಹಣಕ್ಕೆ ತಾನೇ ಪರಿವರ್ತಿಸಿ ಕೊಡುವುದಾಗಿ ಅದು ಕೇಳಿದರೆ ಬೇಡವೆಂದು ಒತ್ತಿ. ಆ ದರದಲ್ಲಿ ನಷ್ಟ ನಿಮ್ಮದೇ. ಯಂತ್ರ ಕೊಡುವ 500ರ ನೋಟುಗಳನ್ನು ಊಟದ ಹೋಟೆಲಿನಲ್ಲೋ ದೊಡ್ಡ ಅಂಗಡಿಯಲ್ಲೋ ಮುರಿಸಿಕೊಂಡು 20, 50, 100ರ ನೋಟುಗಳನ್ನು ಮುಂದಿನ ಜೇಬಿನಲ್ಲಿ ಇಟ್ಟುಕೊಳ್ಳಿ. ಬೆಳಗಿನ ಮೊದಲ ವ್ಯಾಪಾರಕ್ಕೇ 500 ಚಾಚಿದರೆ ಅಜ್ಜಿ ತಲೆಯಾಡಿಸುತ್ತಾಳೆ, ಅಷ್ಟೇ.

ಸ್ಪ್ಯಾನಿಷ್ ಬಾರದಿದ್ದರೂ ನಾಲ್ಕು ಮಾತು ಕಲಿಯಿರಿ. ಮೊದಲನೆಯದು ನಮಸ್ಕಾರ: ಮಧ್ಯಾಹ್ನದವರೆಗೆ ‘ಬುಯೆನೋಸ್ ದೀಯಾಸ್’, ಆಮೇಲೆ ‘ಬುಯೆನಾಸ್ ತಾರ್ದೆಸ್’. ಇದನ್ನು ಹೇಳದೆ ನೇರವಾಗಿ ಸಾಮಾನು ಎತ್ತಿ ಬೆಲೆ ಕೇಳುವುದು ಅಲ್ಲಿ ಒರಟುತನ. ನಂತರ ‘ಕ್ವಾಂತೊ ಕ್ವೆಸ್ತಾ?’, ಬೆಲೆ ಎಷ್ಟು ಎಂದು. ಕರಕುಶಲ ವಸ್ತು ಕೊಳ್ಳುವವರಿಗೆ ಎಲ್ಲಕ್ಕಿಂತ ಉಪಯೋಗದ ಪ್ರಶ್ನೆ ‘ಲೊ ಈಸೊ ಉಸ್ತೆದ್?’, ಇದನ್ನು ನೀವೇ ಮಾಡಿದಿರಾ? ಮಾಡಿದವರಾದರೆ ಮುಖ ಅರಳುತ್ತದೆ, ವಿವರಣೆ ಶುರುವಾಗುತ್ತದೆ. ತಂದು ಮಾರುವವರಾದರೆ ‘ನಮ್ಮ ಕುಟುಂಬದವರು ಮಾಡಿದ್ದು’ ಎಂಬ ತೇಲಿಕೆಯ ಉತ್ತರ ಬರುತ್ತದೆ. ನಾಲ್ಕನೆಯದು ‘ಪ್ವೆದೊ ತೊಮಾರ್ ಉನಾ ಫೋತೊ?’, ಫೋಟೊ ತೆಗೆಯಬಹುದೇ ಎಂದು. ಕೇಳದೆ ಮೊಬೈಲ್ ಎತ್ತಬೇಡಿ. ಕಸೂತಿ ವಿನ್ಯಾಸಗಳನ್ನು ದೊಡ್ಡ ಬಟ್ಟೆ ಕಂಪನಿಗಳು ನಕಲು ಮಾಡಿದ ಪ್ರಕರಣಗಳಿಂದ ಇಲ್ಲಿನವರು ನೊಂದಿದ್ದಾರೆ. ಮೂಲನಿವಾಸಿ ಸಮುದಾಯಗಳ ಸಾಂಸ್ಕೃತಿಕ ಸ್ವತ್ತನ್ನು ಕಾಪಾಡಲು 2022ರಲ್ಲಿ ಮೆಕ್ಸಿಕೋ ಕಾನೂನನ್ನೇ ತಂದಿದೆ.

ಮೊದಲ ದಿನ ಏನನ್ನೂ ಕೊಳ್ಳಬೇಡಿ

ಕಣ್ಣು ಪಳಗುವವರೆಗೆ ಜೇಬು ಮುಚ್ಚಿರಲಿ. ವಹಾಕಾ ನಗರದಲ್ಲಿ ಸರ್ಕಾರಿ ಮತ್ತು ಸಹಕಾರಿ ಕರಕುಶಲ ಮಳಿಗೆಗಳಿವೆ. ಮಾರೊ ಎಂದು ಕರೆಯುವ, ಮಹಿಳಾ ಕುಶಲಕರ್ಮಿಗಳೇ ನಡೆಸುವ ಮಳಿಗೆ ಅವುಗಳಲ್ಲೊಂದು. ಅಲ್ಲಿ ಒಂದು ಗಂಟೆ ಸುಮ್ಮನೆ ಅಡ್ಡಾಡಿ. ಒಳ್ಳೆಯ ನೇಯ್ಗೆ ಕೈಗೆ ಹೇಗೆ ಹತ್ತುತ್ತದೆ, ಅದರ ಬೆಲೆ ಯಾವ ಮಟ್ಟದ್ದು ಎಂಬುದು ಗೊತ್ತಾಗುತ್ತದೆ. ಜವಳಿ ವಸ್ತುಸಂಗ್ರಹಾಲಯವೂ ಊರೊಳಗೇ ಇದೆ. ಮರುದಿನ ಸಂತೆಯಲ್ಲಿ ಯಾರಾದರೂ ಕೈಕಸೂತಿಯ ಉದ್ದನೆ ಅಂಗಿಯನ್ನು ಜುಜುಬಿ ಬೆಲೆಗೆ ಕೊಡಲು ಬಂದರೆ ಅನುಮಾನ ತಾನಾಗಿಯೇ ಹುಟ್ಟುತ್ತದೆ.

ಸಂಜೆಗೆ ಬೆನೀತೊ ಹುವಾರೆಸ್ ಮತ್ತು 20 ನವೆಂಬರ್ ಎಂಬ ಹೆಸರಿನ, ಅಕ್ಕಪಕ್ಕದಲ್ಲೇ ಇರುವ ಎರಡು ಮೆರ್ಕಾದೊಗಳಿಗೆ ಹೋಗಿ. ಪಕ್ಕದ ಮೀನಾ ಬೀದಿಯನ್ನು ಮೂಗೇ ತೋರಿಸುತ್ತದೆ. ಅಲ್ಲಿರುವುದು ಚಾಕೊಲೇಟ್ ಗಿರಣಿಗಳು. ಹುರಿದ ಕೋಕೋ ಬೀಜ, ಬಾದಾಮಿ, ದಾಲ್ಚಿನ್ನಿ, ಸಕ್ಕರೆಯನ್ನು ನೀವು ಹೇಳಿದ ಪ್ರಮಾಣದಲ್ಲಿ ಯಂತ್ರದ ಬಾಯಿಗೆ ಸುರಿಯುತ್ತಾರೆ, ಕೆಳಗಿನಿಂದ ಕಂದು ಮುದ್ದೆ ಬಿಸಿಬಿಸಿಯಾಗಿ ಇಳಿಯುತ್ತದೆ. ಸಕ್ಕರೆ ಕಡಿಮೆ ಹಾಕಿಸಿ. ಅವರ ವಾಡಿಕೆಯ ಪ್ರಮಾಣ ನಮ್ಮ ನಾಲಿಗೆಗೂ ಅತಿ ಸಿಹಿ. ಊರಿಗೆ ಒಯ್ಯಲು ಇದಕ್ಕಿಂತ ಒಳ್ಳೆಯ ತಿನಿಸು ಸಿಗಲಾರದು. ಇದನ್ನು ಬೇಕಾದರೆ ಮೊದಲ ದಿನವೇ ಕೊಳ್ಳಬಹುದು.

ಶುಕ್ರವಾರ: ದಕ್ಷಿಣದ ರಸ್ತೆ

ಒಕೊತ್ಲಾನ್ ಕಡೆಗೆ ಹೋಗುವ ಹೆದ್ದಾರಿಯಲ್ಲೇ ಕರಕುಶಲದ ಹಳ್ಳಿಗಳು ಸಾಲಾಗಿ ಸಿಗುತ್ತವೆ. ಕೊಲೆಕ್ತಿವೊ ಎಂಬ ಹಂಚಿಕೆ ಟ್ಯಾಕ್ಸಿ ಅಗ್ಗ, ಆದರೆ ಪ್ರತಿ ಊರಿನಲ್ಲೂ ಇಳಿದು ಹತ್ತಬೇಕು. ಮೂರು ನಾಲ್ಕು ಜನರಿದ್ದರೆ ಇಡೀ ದಿನಕ್ಕೆ ಟ್ಯಾಕ್ಸಿ ಗೊತ್ತು ಮಾಡುವುದೇ ಮೇಲು. ಯಾವ ಕಾರ್ಯಾಗಾರದ ಮುಂದೆ ನಿಲ್ಲಿಸಬೇಕೆಂದು ಮಾತ್ರ ನೀವು ಹೇಳಿ. ಚಾಲಕರಿಗೂ ಗೈಡುಗಳಿಗೂ ಕಮಿಷನ್ ಕೊಡುವ ದೊಡ್ಡ ಅಂಗಡಿಗಳಿವೆ. ಆ ಕಮಿಷನ್ ನಿಮ್ಮ ಬಿಲ್ಲಿನಲ್ಲೇ ಸೇರಿರುತ್ತದೆ.

ಮೊದಲು ಸಂತೆ ಮುಗಿಸಿ, ಹಿಂದಿರುಗುವಾಗ ಹಳ್ಳಿಗಳು. ಒಕೊತ್ಲಾನ್‌ಗೆ ಬೆಳಿಗ್ಗೆ ಹತ್ತರೊಳಗೆ ತಲುಪಿ. ಮೇಕೆ, ಟರ್ಕಿ ಕೋಳಿ, ಕುಡುಗೋಲು, ಒಣಮೆಣಸಿನಕಾಯಿ, ಪ್ಲಾಸ್ಟಿಕ್ ಬಕೆಟ್ಟು ಎಲ್ಲ ಬೆರೆತಿರುವ ಸಂತೆ ಇದು, ಪ್ರವಾಸಿಗರಿಗಾಗಿ ಹೂಡಿದ್ದಲ್ಲ. ಪಕ್ಕದ ಸಾನ್ ಅಂತೊನೀನೊ ಊರಿನ ಕಸೂತಿ ಅಂಗಿಗಳನ್ನು ಇಲ್ಲಿ ಹುಡುಕಿ. ಎದೆಯ ಭಾಗದಲ್ಲಿ ದಟ್ಟವಾದ ಹೂವುಗಳು, ಅವುಗಳ ಕೆಳಗೆ ನೆರಿಗೆಗಳನ್ನು ಹಿಡಿದು ನಿಲ್ಲಿಸುವ ಒಂದು ಸಾಲು. ಕಣ್ಣಿಟ್ಟು ನೋಡಿದರೆ ಆ ಸಾಲು ಕೈಕೈ ಹಿಡಿದು ನಿಂತ ಪುಟ್ಟ ಮನುಷ್ಯರದ್ದು! ‘ಕೈಲಾದರೆ ಮಾಡಿ ತೋರಿಸು ನೋಡೋಣ’ ಎಂಬರ್ಥದ ಹೆಸರೇ ಆ ಹೊಲಿಗೆಗಿದೆ. ಅಂಗಿಯನ್ನು ಒಳಮಗ್ಗುಲು ತಿರುಗಿಸಿ. ಕೈಕೆಲಸವಾದರೆ ಹಿಂದೆ ಗಂಟುಗಳು, ಒಂದು ಹೂವಿನಿಂದ ಇನ್ನೊಂದಕ್ಕೆ ದಾಟಿದ ಎಳೆಗಳು ಕಾಣುತ್ತವೆ. ಯಂತ್ರದ್ದಾದರೆ ಹಿಂಭಾಗವೆಲ್ಲ ಒಂದೇ ಬಣ್ಣದ ಅಡಿದಾರ, ಕೆಲವೊಮ್ಮೆ ಕಾಗದದಂಥ ಒಳಪದರ. ಯಂತ್ರದ್ದನ್ನು ಕೊಳ್ಳಲೇಬಾರದೆಂದಲ್ಲ, ಅದಕ್ಕೆ ಕೈಕೆಲಸದ ಬೆಲೆ ತೆರಬಾರದು. ಇನ್ನೊಂದು: ‘ಪಶ್ಮೀನಾ’ ಎಂಬ ಹೆಸರಿನಲ್ಲಿ ರಾಶಿ ಹಾಕಿ ಮಾರುವ ಶಾಲುಗಳಿಗೂ ಮೆಕ್ಸಿಕೋಗೂ ಯಾವ ನಂಟೂ ಇಲ್ಲ. ಅಷ್ಟು ದೂರ ಹೋಗಿ ಅದನ್ನು ಹೊತ್ತು ತರುವುದು ನಗೆಪಾಟಲು.

ಹಿಂದಿರುಗುವ ದಾರಿಯಲ್ಲಿ ಸಾನ್ ಮಾರ್ತಿನ್ ತಿಲ್ಕಾಹೆತೆ. ಬಣ್ಣಬಣ್ಣದ ವಿಚಿತ್ರ ಪ್ರಾಣಿಗಳ ಅಲೆಬ್ರೀಹೆ ಗೊಂಬೆಗಳು ಇಲ್ಲಿ ಕೊಪಾಲ್ ಎಂಬ ಮೆದುಮರದಿಂದ ಹುಟ್ಟುತ್ತವೆ. ಇವುಗಳ ಮೂಲ ಮಾತ್ರ ಮೆಕ್ಸಿಕೋ ನಗರ. ಕಾಗದದ ಗೊಂಬೆ ಮಾಡುತ್ತಿದ್ದ ಪೆದ್ರೊ ಲಿನಾರೆಸ್ 1930ರ ದಶಕದಲ್ಲಿ ಕಾಯಿಲೆ ಮಲಗಿದ್ದಾಗ ಕನಸಿನಲ್ಲಿ ಈ ಪ್ರಾಣಿಗಳನ್ನು ಕಂಡರೆಂದು ಕಥೆ. ವಹಾಕಾದಲ್ಲಿ ಅವು ಮರಕ್ಕಿಳಿದದ್ದು ಆಮೇಲೆ. ಬೆಲೆ ನಿಲ್ಲುವುದು ಗಾತ್ರದ ಮೇಲಲ್ಲ, ಬಣ್ಣದ ಕೆಲಸದ ಮೇಲೆ. ಅಂಗೈಯಷ್ಟಿರುವ ಗೂಬೆ ಮೊಣಕಾಲೆತ್ತರದ ನಾಯಿಗಿಂತ ದುಬಾರಿಯಾಗಿರಬಹುದು. ಚುಕ್ಕಿಗಳ ಸಾಲು ತಿರುವಿನಲ್ಲಿ ಹೇಗೆ ತಿರುಗಿದೆ, ಹೊಟ್ಟೆಯ ಅಡಿಭಾಗಕ್ಕೂ ಅಷ್ಟೇ ಶ್ರದ್ಧೆಯಿಂದ ಬಣ್ಣ ಹಾಕಿದ್ದಾರೆಯೇ ಎಂದು ನೋಡಿ. ಹಲವು ಗೊಂಬೆಗಳ ಕಿವಿ, ಬಾಲ ಕಳಚಿ ಮತ್ತೆ ಸಿಕ್ಕಿಸುವಂಥವು. ಪ್ಯಾಕ್ ಮಾಡುವಾಗ ಇದು ವರ. ಕೊಪಾಲ್ ಮರಕ್ಕೆ ಹುಳು ಬೀಳುವುದುಂಟು. ಮನೆಗೆ ತಂದ ಮೇಲೆ ಚೀಲದಲ್ಲಿ ಸುತ್ತಿ ಕೆಲವು ದಿನ ಫ್ರೀಜರಿನಲ್ಲಿಟ್ಟರೆ ಆ ಚಿಂತೆ ಕಳೆಯುತ್ತದೆ.

ಕೊನೆಯ ನಿಲುಗಡೆ ಸಾನ್ ಬಾರ್ತೊಲೊ ಕೊಯೊತೆಪೆಕ್, ಕಪ್ಪು ಮಣ್ಣಿನ ಪಾತ್ರೆಗಳ ಊರು. ಸಾಂಪ್ರದಾಯಿಕ ಕ್ರಮದಲ್ಲಿ ಇಲ್ಲಿ ಕುಂಬಾರನ ಚಕ್ರ ಇಲ್ಲ. ಒಂದು ತಟ್ಟೆಯನ್ನು ನೆಲಕ್ಕೆ ಬೋರಲು ಹಾಕಿ, ಅದರ ಬೆನ್ನ ಮೇಲೆ ಇನ್ನೊಂದು ತಟ್ಟೆಯನ್ನು ಅಂಗಾತ ಇಟ್ಟು, ಎಡಗೈಯಿಂದ ಅದನ್ನು ತಿರುಗಿಸುತ್ತ ಬಲಗೈಯಲ್ಲಿ ಮಣ್ಣನ್ನು ಎತ್ತುತ್ತಾರೆ. ನೋಡನೋಡುತ್ತ ಕೊರಳು ಮೂಡುತ್ತದೆ. ಆ ಕಪ್ಪು ಬಣ್ಣ ಬಳಿದದ್ದಲ್ಲ, ಗಾಳಿ ಆಡದ ಹೊಗೆಗೂಡಿನಲ್ಲಿ ಬೇಯಿಸುವುದರಿಂದ ಬರುವುದು. ಮೊದಲು ಇವು ಮಾಸಲು ಬೂದುಬಣ್ಣದ, ನೀರು, ಮೆಸ್ಕಾಲ್ ಎಂಬ ಮದ್ಯ ತುಂಬಿಡುವ ಗಟ್ಟಿ ಕೊಡಗಳಾಗಿದ್ದವು. 1950ರ ದಶಕದಲ್ಲಿ ದೋನ್ಯಾ ರೋಸಾ ಎಂದೇ ಹೆಸರಾದ ಕುಂಬಾರತಿ, ಒಣಗುತ್ತಿರುವ ಮಣ್ಣನ್ನು ಸ್ಫಟಿಕದ ಕಲ್ಲಿನಿಂದ ತಿಕ್ಕಿ, ಕಡಿಮೆ ಕಾವಿನಲ್ಲಿ ಸುಟ್ಟರೆ ಕನ್ನಡಿಯ ಹೊಳಪು ಬರುವುದೆಂದು ಕಂಡುಕೊಂಡರು. ಹೊಳಪು ಬಂದದ್ದೇನೋ ಸರಿ, ನೀರು ಹಿಡಿಯುವ ಗುಣ ಹೋಯಿತು. ಆದ್ದರಿಂದ ಹೊಳೆಯುವ ಹೂದಾನಿ ಕೊಂಡರೆ ಒಣಹೂವೇ ಇಡಿ. ನೀರು ಹಾಕಿದರೆ ಮೇಜು ತೋಯುತ್ತದೆ.

ಭಾನುವಾರ: ತೆಯೊತಿತ್ಲಾನ್, ಆಮೇಲೆ ತ್ಲಾಕೊಲೂಲಾ

ಪೂರ್ವದ ರಸ್ತೆಯಲ್ಲಿ ಮೊದಲು ಸಿಗುವುದು ತೆಯೊತಿತ್ಲಾನ್ ದೆಲ್ ವಾಯೆ, ಉಣ್ಣೆ ಜಮಖಾನೆಗಳ ಊರು. ಸಾಪೊತೆಕ್ ಭಾಷೆಯಾಡುವ ನೇಕಾರ ಕುಟುಂಬಗಳು ಮನೆಯಂಗಳದಲ್ಲೇ ಮಗ್ಗ ಹೂಡಿರುತ್ತವೆ. ಬಣ್ಣದ ಪ್ರಾತ್ಯಕ್ಷಿಕೆ ಕೇಳಿದರೆ ಸಂತೋಷದಿಂದ ತೋರಿಸುತ್ತಾರೆ, ತಪ್ಪಿಸಿಕೊಳ್ಳಬೇಡಿ. ಪಾಪಸುಕಳ್ಳಿಯ ಮೇಲೆ ಬಿಳಿ ಬೂಷ್ಟು ಕಟ್ಟಿದಂತೆ ಕುಳಿತಿರುವ ಕೊಚಿನೀಯಾ ಎಂಬ ಕೀಟವನ್ನು ಒಣಗಿಸಿದಾಗ ಬೂದುಬಣ್ಣದ ಕಾಳಿನಂತಾಗುತ್ತದೆ. ಅಂಥ ನಾಲ್ಕು ಕಾಳನ್ನು ಅಂಗೈಯಲ್ಲಿ ಹಿಸುಕಿದರೆ ಗಾಢ ಕೆಂಪು. ಅದರ ಮೇಲೆ ನಿಂಬೆರಸ ಹಿಂಡಿದೊಡನೆ ಕಿತ್ತಳೆಗೆಂಪು, ಒಂದು ಚಿಟಿಕೆ ಸುಣ್ಣ ಸೇರಿಸಿದೊಡನೆ ನೇರಳೆ. ಸ್ಪೇನಿನ ಆಳ್ವಿಕೆಯಲ್ಲಿ ಮೆಕ್ಸಿಕೋದಿಂದ ಹೊರಹೋಗುತ್ತಿದ್ದ ಸರಕುಗಳಲ್ಲಿ ಬೆಳ್ಳಿಯ ನಂತರದ ಸ್ಥಾನ ಈ ಹುಳುವಿನದ್ದು.

ಆದರೆ ಪ್ರಾತ್ಯಕ್ಷಿಕೆಯಲ್ಲಿ ಕೊಚಿನೀಯಾ ತೋರಿಸಿದ ಮಾತ್ರಕ್ಕೆ ಗೋಡೆಯ ಮೇಲೆ ತೂಗಿರುವ ಜಮಖಾನೆಗಳೆಲ್ಲ ಅದರಲ್ಲೇ ಅದ್ದಿದವು ಎಂದುಕೊಳ್ಳಬೇಡಿ. ರಾಸಾಯನಿಕ ಬಣ್ಣದವೂ ಇರುತ್ತವೆ; ಬೆಲೆ ಅದಕ್ಕೆ ತಕ್ಕಂತಿದ್ದರೆ ಅದರಲ್ಲಿ ಮೋಸವೇನೂ ಇಲ್ಲ. ‘ಇದರಲ್ಲಿ ಯಾವ ಬಣ್ಣ ಸಹಜ, ಯಾವುದು ಅಲ್ಲ’ ಎಂದು ಬಿಡಿಸಿ ಕೇಳಿ. ಪ್ರಾಮಾಣಿಕ ನೇಕಾರರು ಎಳೆಎಳೆಯಾಗಿ ಹೇಳುತ್ತಾರೆ. ಒದ್ದೆ ಮಾಡಿದ ಬಿಳಿ ಕರವಸ್ತ್ರದಿಂದ ತಿಕ್ಕಿ ನೋಡಿ, ಬಣ್ಣ ಹತ್ತಬಾರದು. ಉಣ್ಣೆಯೋ ಅಕ್ರಿಲಿಕ್ಕೋ ಎಂಬ ಸಂಶಯ ಬಂದರೆ ಒಂದು ಬಿಡಿ ಎಳೆ ಕೇಳಿ ಪಡೆದು ಸುಟ್ಟು ನೋಡಿ. ಉಣ್ಣೆ ಕೂದಲು ಸುಟ್ಟ ವಾಸನೆ ಬೀರಿ ಬೂದಿಯಾಗುತ್ತದೆ, ಅಕ್ರಿಲಿಕ್ ಕರಗಿ ಗಟ್ಟಿ ಮಣಿಯಾಗುತ್ತದೆ. ನೆಲದ ಮೇಲೆ ಹಾಸಿ ಅಂಚು ನೇರವಾಗಿದೆಯೇ, ಮೂಲೆ ಮಡಚುತ್ತದೆಯೇ ಎಂಬುದನ್ನೂ ಗಮನಿಸಿ.

ಹನ್ನೊಂದರ ಹೊತ್ತಿಗೆ ತ್ಲಾಕೊಲೂಲಾ ತಲುಪಿದರೆ ಸಂತೆ ತುಂಬಿ ತುಳುಕುತ್ತಿರುತ್ತದೆ. ಸುತ್ತಲ ಬೆಟ್ಟದೂರುಗಳಿಂದ ಹೆಂಗಸರು ಹೂವಿನ ಕಸೂತಿಯ ಏಪ್ರನ್ ತೊಟ್ಟು ಬಂದಿರುತ್ತಾರೆ. ಇಲ್ಲಿ ಕೊಳ್ಳಬೇಕಾದದ್ದು ದಿನಬಳಕೆಯ ಸಾಮಾನು: ಬುಟ್ಟಿ, ಸೋರೆಬುರುಡೆಯ ಬಟ್ಟಲು, ಮರದ ಕಡೆಗೋಲು, ಅದೇ ಏಪ್ರನ್. ಇವು ಅಗ್ಗ, ಗಟ್ಟಿ, ಮತ್ತು ಅಲ್ಲಿನವರೇ ಬಳಸುವಂಥವು. ಹಣ್ಣು, ಒಣಮೆಣಸಿನಕಾಯಿಗಳನ್ನು ಗುಡ್ಡೆಯ ಲೆಕ್ಕದಲ್ಲಿ ಮಾರುತ್ತಾರೆ. ಕೊಸರು ಹಾಕುವ ಪದ್ಧತಿಯೂ ಇದೆ, ಅದಕ್ಕೆ ಪಿಲೋನ್ ಎನ್ನುತ್ತಾರೆ. ನಗುತ್ತ ಕೇಳಿದರೆ ಒಂದೆರಡು ಹಣ್ಣು ಚೀಲಕ್ಕೆ ಬೀಳುತ್ತವೆ.

ಅಡುಗೆಯ ಮಡಕೆ ಕೊಳ್ಳುವವರಿಗೆ ಎಚ್ಚರಿಕೆ

ಇದೊಂದನ್ನು ದಯವಿಟ್ಟು ಓದದೆ ದಾಟಬೇಡಿ. ಮೆಕ್ಸಿಕೋದ ಹೊಳಪಿನ ಮಣ್ಣಿನ ಪಾತ್ರೆಗಳಿಗೆ, ಉದಾಹರಣೆಗೆ ಸಾಂಪ್ರದಾಯಿಕ ಹಸಿರು ಮೆರುಗಿನವಕ್ಕೆ, ಸೀಸ ಬೆರೆತ ಲೇಪ ಬಳಸುವ ರೂಢಿ ಶತಮಾನಗಳಿಂದ ಇದೆ. ಕಡಿಮೆ ಕಾವಿನಲ್ಲಿ ಸುಟ್ಟ ಆ ಲೇಪದಿಂದ ಹುಳಿ ಪದಾರ್ಥಗಳು ಸೀಸವನ್ನು ಕರಗಿಸಿ ಎಳೆದುಕೊಳ್ಳುತ್ತವೆ. ಹುಣಸೆಹುಳಿಯ ಸಾರು, ನಿಂಬೆ ಉಪ್ಪಿನಕಾಯಿ, ಮೊಸರು ನಮ್ಮ ನಿತ್ಯದ ಊಟ; ಅಂಥ ಪಾತ್ರೆಯಲ್ಲಿ ಇವನ್ನು ಇಡುವುದು ಮಕ್ಕಳಿರುವ ಮನೆಗೆ ನಿಜವಾದ ಅಪಾಯ. ‘ಸಿನ್ ಪ್ಲೋಮೊ’ ಎಂದರೆ ಸೀಸ ಇಲ್ಲದ್ದು. ಹಾಗೆ ಹೇಳಿ, ಗುರುತು ತೋರಿಸುವ ಕುಂಬಾರರಿಂದ ಮಾತ್ರ ಊಟದ ಪಾತ್ರೆ ಕೊಳ್ಳಿ. ಖಾತ್ರಿ ಇಲ್ಲದಿದ್ದರೆ ಅದು ಗೋಡೆಯ ಅಲಂಕಾರಕ್ಕೆ ಇರಲಿ. ಲೇಪವೇ ಇಲ್ಲದ ಮಣ್ಣಿನ ಕಾವಲಿಗೆ ಈ ಭಯವಿಲ್ಲ.

ಚೌಕಾಸಿ ಎಷ್ಟು?

ನಾವು ಚೌಕಾಸಿಯಲ್ಲಿ ಪಳಗಿದ ಜನ. ಅರ್ಧ ಬೆಲೆಯಿಂದ ಶುರುಮಾಡುವುದು ನಮಗೆ ಸಹಜ. ವಹಾಕಾದಲ್ಲಿ ಅದು ನಡೆಯದು. ಮಾಡಿದವರ ಎದುರಿಗೇ ಕುಳಿತು ಅರ್ಧ ಬೆಲೆ ಹೇಳುವುದು ಅವರ ಕೂಲಿಯನ್ನು ಅರ್ಧ ಮಾಡಿದಂತೆಯೇ. ನಾನು ಅನುಸರಿಸುವ ಕ್ರಮ ಹೀಗೆ: ಕಾರ್ಯಾಗಾರದಲ್ಲಿ ಹೇಳಿದ ಬೆಲೆ ಕೊಡುತ್ತೇನೆ, ಎರಡು ಮೂರು ವಸ್ತು ತೆಗೆದುಕೊಂಡಾಗ ಮಾತ್ರ ‘ಎಲ್ಲ ಸೇರಿ ಎಷ್ಟಕ್ಕೆ ಕೊಡುತ್ತೀರಿ’ ಎಂದು ಕೇಳುತ್ತೇನೆ. ತಂದು ಮಾರುವ ಅಂಗಡಿಯಲ್ಲಿ, ಪ್ರವಾಸಿ ಜಾಗಗಳಲ್ಲಿ ‘ಎಸ್ ಲೊ ಮೆನೋಸ್?’ ಎನ್ನುತ್ತೇನೆ, ಕಡಿಮೆ ಎಂದರೆ ಇಷ್ಟೇನಾ ಎಂಬ ಅರ್ಥದಲ್ಲಿ. ಸ್ವಲ್ಪ ಇಳಿಯುತ್ತಾರೆ. ಇಳಿಯದಿದ್ದರೆ ಧನ್ಯವಾದ ಹೇಳಿ ಮುಂದಕ್ಕೆ.

ಸಸ್ಯಾಹಾರಿಗಳು ಏನು ತಿನ್ನಬೇಕು

ಸಂತೆಯ ತಿಂಡಿಯೇ ಸಂತೆಯ ಅರ್ಧ ಸೊಗಸು, ಆದರೆ ಹಂದಿಕೊಬ್ಬು ಎಲ್ಲೆಲ್ಲೋ ಅಡಗಿರುತ್ತದೆ. ಬೀನ್ಸ್ ಕಾಳಿನ ಮುದ್ದೆಯಲ್ಲಿ, ವಹಾಕಾದ ದೊಡ್ಡ ಗರಿಗರಿ ರೊಟ್ಟಿ ತ್ಲಾಯೂದಾದ ಮೇಲೆ ಸವರುವ ಪದರದಲ್ಲಿ. ಅನ್ನವನ್ನು ಕೋಳಿಸಾರಿನಲ್ಲಿ ಬೇಯಿಸುವುದೂ ಇದೆ. ‘ಸಿನ್ ಕಾರ್ನೆ’ ಎಂದರೆ ದನ, ಹಂದಿಯಂಥ ಮಾಂಸ ಬೇಡ ಎಂದಷ್ಟೇ ಅವರಿಗೆ ಅರ್ಥ. ‘ಸಿನ್ ಪೊಯೊ, ಸಿನ್ ಮಾಂತೆಕಾ’ ಎಂದು ಕೋಳಿಯನ್ನೂ ಕೊಬ್ಬನ್ನೂ ಹೆಸರಿಸಿ ಬೇಡವೆನ್ನಿ. ಬುಟ್ಟಿಯಲ್ಲಿ ಕೆಂಪಗೆ ಗುಡ್ಡೆ ಹಾಕಿರುವುದು ಹುರಿಗಡಲೆಯಲ್ಲ, ಮಿಡತೆ. ಕುಂಬಳದ ಹೂವು ತುಂಬಿದ ಕೆಸಾದಿಯಾ ರೊಟ್ಟಿ, ಬೇಯಿಸಿದ ಎಳೆಜೋಳ, ಮೆಕ್ಕೆಜೋಳ ಮತ್ತು ಕೋಕೋ ಸೇರಿಸಿ ನೊರೆ ಎಬ್ಬಿಸಿದ ತಣ್ಣನೆಯ ತೆಹಾತೆ ಧಾರಾಳವಾಗಿ ಸಿಗುತ್ತವೆ. ಪಾನೀಯದ ನೀರು ಶುದ್ಧೀಕರಿಸಿದ್ದೇ ಎಂದು ಕೇಳಲು ನಾಚಬೇಡಿ, ಅಲ್ಲಿನವರೂ ಕೇಳುತ್ತಾರೆ.

ವಹಾಕಾಗೆ ಹೋಗಲಾಗದವರಿಗೆ

ಮೆಕ್ಸಿಕೋ ನಗರದಲ್ಲಷ್ಟೇ ಇರುವವರು ಬಾಲ್ದೇರಾಸ್ ಮೆಟ್ರೋ ನಿಲ್ದಾಣದ ಬಳಿಯ ಲಾ ಸಿಯುದಾದೆಲಾ ಮಾರುಕಟ್ಟೆಗೆ ಹೋಗಬಹುದು. ಎಲ್ಲ ರಾಜ್ಯಗಳ ಸಾಮಾನು ಒಂದೇ ಕಡೆ, ಗುಣಮಟ್ಟ ಮಾತ್ರ ಏರುಪೇರು. ಸಾನ್ ಆಂಹೆಲ್‌ನ ಶನಿವಾರದ ಬಜಾರು ದುಬಾರಿ, ಆದರೆ ಆಯ್ಕೆ ಸೊಗಸಾಗಿರುತ್ತದೆ. ಲಾ ಲಗುನೀಯಾದ ಭಾನುವಾರದ ಹಳೆಸಾಮಾನು ಸಂತೆಗೆ ಬೆಳಿಗ್ಗೆಯೇ ಹೋಗಿ ಬನ್ನಿ, ಪಕ್ಕದ ತೆಪೀತೊ ಬಡಾವಣೆಯೊಳಕ್ಕೆ ಅಡ್ಡಾಡಬೇಡಿ.

ತಾಸ್ಕೊ ಬೆಳ್ಳಿಯ ಊರು, ಶನಿವಾರ ಅಲ್ಲಿ ಬೆಳ್ಳಿಯದ್ದೇ ಸಂತೆ. ಒಡವೆಯ ಮೇಲೆ 925 ಎಂಬ ಅಚ್ಚು ಇರಬೇಕು. ‘ಅಲ್ಪಾಕಾ’ ಎಂದು ಮಾರುವುದು ತಾಮ್ರ, ನಿಕ್ಕಲ್, ಸತುಗಳ ಮಿಶ್ರಲೋಹ, ಅದರಲ್ಲಿ ಬೆಳ್ಳಿ ಇಲ್ಲ. ಪ್ವೆಬ್ಲಾದ ತಲವೇರಾ ಪಿಂಗಾಣಿಗೆ ಭೌಗೋಳಿಕ ಮಾನ್ಯತೆ ಇದೆ, 2019ರಲ್ಲಿ ಯುನೆಸ್ಕೊ ಪಟ್ಟಿಯನ್ನೂ ಸೇರಿತು. ಅಸಲಿಯ ಹಿನ್ನೆಲೆ ಹಾಲುಬಿಳುಪು, ಬಣ್ಣದ ಗೆರೆಗಳು ಬೆರಳಿಗೆ ಸ್ವಲ್ಪ ಉಬ್ಬಾಗಿ ತಾಗುತ್ತವೆ, ಅಡಿಯಲ್ಲಿ ಕಾರ್ಯಾಗಾರದ ಗುರುತಿರುತ್ತದೆ. ಚಿಯಾಪಾಸ್‌ನ ಸಾನ್ ಕ್ರಿಸ್ತೋಬಾಲ್‌ನಲ್ಲಿ ಅಂಬರ್, ಅಂದರೆ ಮರದ ಅಂಟು ಕಲ್ಲಿನಂತೆ ಗಟ್ಟಿಯಾದದ್ದು, ಕೊಳ್ಳುವವರು ಉಪ್ಪುನೀರಿನ ಲೋಟ ಕೇಳಿ. ದಟ್ಟವಾಗಿ ಉಪ್ಪು ಕರಗಿಸಿದ ನೀರಿನಲ್ಲಿ ಅಂಬರ್ ತೇಲುತ್ತದೆ, ಗಾಜು ಮುಳುಗುತ್ತದೆ. ಕೆಲವು ಪ್ಲಾಸ್ಟಿಕ್ಕುಗಳೂ ತೇಲುವುದರಿಂದ ನೇರಳಾತೀತ ಬೆಳಕಿನಲ್ಲೂ ನೋಡಿ. ಅಸಲಿ ಅಂಬರ್ ನೀಲಿಹಸಿರಾಗಿ ಹೊಳೆಯುತ್ತದೆ.

ಕಟ್ಟುವುದು, ಸಾಗಿಸುವುದು

ಹೊರಡುವಾಗಲೇ ಮಡಚಿಡುವ ಖಾಲಿ ಚೀಲವೊಂದನ್ನು ಪೆಟ್ಟಿಗೆಯಲ್ಲಿ ಹಾಕಿಕೊಳ್ಳಿ. ಜಮಖಾನೆಯನ್ನು ಮಡಿಸದೆ ಸುರುಳಿ ಸುತ್ತಿ, ಮಣ್ಣಿನ ಪಾತ್ರೆಯ ಒಳಗೂ ಹೊರಗೂ ಬಟ್ಟೆ ತುರುಕಿ. ಒಡೆಯುವಂಥದ್ದು ಕೈಚೀಲದಲ್ಲೇ ಬರಲಿ. ಚಾಕೊಲೇಟ್ ಮುದ್ದೆ, ಮೋಲೆ ಎಂಬ ಮಸಾಲೆಯ ಗೊಜ್ಜು ಮಾತ್ರ ದೊಡ್ಡ ಪೆಟ್ಟಿಗೆಗೆ. ಕೈಚೀಲದಲ್ಲಿದ್ದರೆ ದ್ರವದ ನಿಯಮಕ್ಕೆ ಸಿಲುಕಬಹುದು. ಹಸಿ ಹಣ್ಣು, ಗಿಡ, ಬಿತ್ತನೆಬೀಜ ಬೇಡ. ಅಮೆರಿಕಕ್ಕೆ ಮರಳುವವರು ಒಣಮೆಣಸಿನಕಾಯಿಯಂಥ ತಿನಿಸುಗಳನ್ನೂ ಕಸ್ಟಮ್ಸ್‌ನವರಿಗೆ ಘೋಷಿಸಿ. ಆಮೆಚಿಪ್ಪು, ಕಪ್ಪು ಹವಳದ ಒಡವೆ ಮುಟ್ಟಬೇಡಿ. ‘ಹೊಲದಲ್ಲಿ ಸಿಕ್ಕ ಪುರಾತನ ಗೊಂಬೆ’ ಎಂದು ಯಾರಾದರೂ ಮೆಲ್ಲಗೆ ಪೊಟ್ಟಣ ಬಿಚ್ಚಿ ತೋರಿಸಿದರೂ ಅಷ್ಟೇ. ಹೆಚ್ಚಿನ ಪಾಲು ಅದು ನಕಲಿ. ಅಸಲಿಯಾಗಿದ್ದರೆ ಇನ್ನೂ ಕಷ್ಟ. 1972ರ ಕಾನೂನಿನ ಪ್ರಕಾರ ಸ್ಪೇನಿನವರಿಗಿಂತ ಹಿಂದಿನ ಕಾಲದ ವಸ್ತುಗಳು ದೇಶದ ಸ್ವತ್ತು, ಅವನ್ನು ಹೊರಗೆ ಒಯ್ಯುವುದು ಅಪರಾಧ. ಕೊಂಡ ವಸ್ತುಗಳಿಗೆ ಕೈಬರಹದ ರಸೀದಿಯಾದರೂ ಕೇಳಿ ಪಡೆಯಿರಿ. ಬೆಂಗಳೂರಿನ ಕಸ್ಟಮ್ಸ್ ಮೇಜಿನ ಮುಂದೆ ಬೆಲೆ ಹೇಳಬೇಕಾಗಿ ಬಂದಾಗ ಅದೇ ಆಧಾರ.